ಎದೆಬಡಿತಕ್ಕೂ ಒಂದು ಲೆಕ್ಕ: ಗಣಿಯಿಂದ ಸೈಕಲ್‌ವರೆಗೆ

ಬಂಗಾರಪೇಟೆಯಿಂದ ಕೆಜಿಎಫ್ ಕಡೆಗೆ ಸೈಕಲ್ ತುಳಿಯುವವರ ಬೆನ್ನ ಹಿಂದೆ ಲಾರಿ ಹಾರ್ನ್ ಹೊಡೆದರೆ ಎದೆ ಡವಡವ ಎನ್ನುತ್ತದೆ, ಅಂಗೈ ಬೆವರುತ್ತದೆ. ಲಾರಿ ತಾಗದೆ ಹೋದರೆ ಆ ಗಾಬರಿ ಎಲ್ಲೂ ದಾಖಲಾಗುವುದಿಲ್ಲ. ಬಿದ್ದರೆ ಮಾತ್ರ ಕೇಸು, ಬಿದ್ದರೆ ಮಾತ್ರ ಲೆಕ್ಕ.

ಅಪಾಯವನ್ನು ಅಳೆಯುವ ಕೆಲಸ ನಮ್ಮ ಸೀಮೆಗೆ ಹೊಸದಲ್ಲ. ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರ್‌ಗೂ ಹೆಚ್ಚು. ಅದಿರು ತೆಗೆದಷ್ಟೂ ಉಳಿದ ಬಂಡೆಯ ಮೇಲೆ ಒತ್ತಡ ಹೆಚ್ಚಿ, ಅದು ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. ಇದನ್ನೇ ರಾಕ್‌ಬರ್ಸ್ಟ್ ಎನ್ನುತ್ತಾರೆ. ಈ ನಡುಕಗಳನ್ನು ದಾಖಲಿಸಲು 1912ರಲ್ಲೇ ಇಲ್ಲಿ ಸೀಸ್ಮೋಗ್ರಾಫ್ ಇಟ್ಟರು. ನೆಲದ ನಡುಕ ಕಾಗದಕ್ಕೆ ಬಂತು. ಕೆಳಗಿಳಿಯುವವರ ಎದೆಯ ನಡುಕ ಬರಲಿಲ್ಲ.

ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಕೆಲಸ ಮಾಡುತ್ತಲೇ ಕುಸಿದು ಬೀಳುವ ಕಾರ್ಮಿಕರ ಬಗ್ಗೆ 1940ರ ದಶಕದಲ್ಲಿ ಡಾ. ಕ್ಯಾಪ್ಲನ್ ಅಧ್ಯಯನ ಮಾಡಿದರು. 1946ರಲ್ಲಿ ಅವರು ಮತ್ತು ಲಿಂಡ್ಸೆ ಸೇರಿ ಇನ್ನೊಂದು ಪ್ರಬಂಧ ಪ್ರಕಟಿಸಿದರು. ಬಿಸಿಯಿಂದ ಕಾರ್ಮಿಕರ ದುಡಿಮೆ ಎಷ್ಟು ಕುಗ್ಗುತ್ತದೆ ಎಂಬುದೇ ಅದರ ಪ್ರಶ್ನೆ. ಅಂದರೆ ದೇಹ ಅಳತೆಗೆ ಬಂತು, ಆದರೆ ದುಡಿಮೆಯ ಲೆಕ್ಕದಲ್ಲಿ.

ದೇಹದ ಗುರುತು ಕೊಡುವುದನ್ನು ಕಾರ್ಮಿಕರು ಸುಮ್ಮನೆ ಒಪ್ಪಿಕೊಂಡವರೂ ಅಲ್ಲ. ಬೆರಳಚ್ಚು ತೆಗೆದು ನೋಂದಾಯಿಸುವ ಕ್ರಮದ ವಿರುದ್ಧ 1930ರಲ್ಲಿ ಕೆಜಿಎಫ್‌ನಲ್ಲಿ ದೊಡ್ಡ ಮುಷ್ಕರವೇ ನಡೆಯಿತು.

ಅದೇ 1940ರ ದಶಕದ ಕೊನೆಗೆ ಅಮೆರಿಕದಲ್ಲಿ ನಾರ್ಮನ್ ಹೋಲ್ಟರ್, ಓಡಾಡುವ ಮನುಷ್ಯನ ಎದೆಬಡಿತ ದಾಖಲಿಸುವ ಯಂತ್ರ ಮಾಡಿದರು. ಬೆನ್ನಿಗೆ ಹೊರಬೇಕಿದ್ದ ಅದರ ತೂಕ ಸುಮಾರು 38 ಕಿಲೋ. ಇಂದು ಆ ಕೆಲಸ ಮಣಿಕಟ್ಟಿನ ಪಟ್ಟಿಯೊಂದು ಮಾಡುತ್ತದೆ. ಜರ್ಮನಿ, ಆಸ್ಟ್ರಿಯಾದ ಸಂಶೋಧಕರು ಇಂಥ ಪಟ್ಟಿಗಳನ್ನು ಸೈಕಲ್ ಸವಾರರಿಗೆ ಕಟ್ಟಿ ನಗರದ ರಸ್ತೆಗಳಿಗೆ ಕಳಿಸಿದ್ದಾರೆ. ಗಾಬರಿಯಾದಾಗ ಚರ್ಮದಲ್ಲಿ ಸಣ್ಣಗೆ ಬೆವರೊಡೆದು ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಚರ್ಮದ ಬಿಸಿ ತುಸು ಇಳಿಯುತ್ತದೆ. ಎರಡೂ ಒಟ್ಟಿಗೆ ಕಂಡ ಜಾಗವನ್ನು ಜಿಪಿಎಸ್ ಸಹಾಯದಿಂದ ನಕ್ಷೆಯಲ್ಲಿ ಗುರುತಿಸುತ್ತಾರೆ. ಏರುದಾರಿ, ಬಿಸಿಲುಗಳಿಂದಲೂ ದೇಹ ಬೆವರುವುದರಿಂದ ಸವಾರರನ್ನು ಕೇಳಿಯೂ ತಿಳಿಯಬೇಕಾಗುತ್ತದೆ.

ಇದರಿಂದ ನಮಗೇನು? ಒಂದು ರಸ್ತೆಯಲ್ಲಿ ಸೈಕಲ್ ಅಪಘಾತವೇ ಇಲ್ಲ ಎಂದರೆ ಅದು ಸುರಕ್ಷಿತ ಎಂದೇ ಅಲ್ಲ. ಹೆದರಿ ಜನ ಅಲ್ಲಿ ಸೈಕಲ್ ತುಳಿಯುವುದನ್ನೇ ಬಿಟ್ಟಿರಬಹುದು. 2006-07ರಿಂದ ಸರ್ಕಾರ 8ನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಆದರೆ ಮನೆಯವರು ಮಗಳನ್ನು ಸೈಕಲ್ ಹತ್ತಿಸಿ ಕಳಿಸಬೇಕಾದರೆ ರಸ್ತೆಯ ಮೇಲೂ ನಂಬಿಕೆ ಬರಬೇಕಲ್ಲ!

ನಾಳೆ ಇಂಥ ಪಟ್ಟಿ ನಮ್ಮ ಊರಿಗೂ ಬಂದರೆ, 1930ರ ಕಾರ್ಮಿಕರ ಎಚ್ಚರ ನಮಗೂ ಇರಲಿ. ಆ ಲೆಕ್ಕ ಯಾರ ಕೈ ಸೇರುತ್ತದೆ, ಯಾವುದಕ್ಕೆ ಬಳಕೆಯಾಗುತ್ತದೆ ಎಂದು ಮೊದಲೇ ಕೇಳಬೇಕು. ಅಲ್ಲಿಯವರೆಗೆ ಕಾಯಬೇಕಿಲ್ಲ. ಶಾಲೆಗೆ ಹೋಗುವ ಮಕ್ಕಳು ಎಲ್ಲೆಲ್ಲಿ ಹೆದರಿ ಸೈಕಲ್‌ನಿಂದ ಇಳಿಯುತ್ತಾರೆ ಎಂದು ಕೇಳಿ, ಬರೆದಿಟ್ಟು, ಮುಂದಿನ ಗ್ರಾಮಸಭೆಗೆ ಆ ಪಟ್ಟಿ ಒಯ್ಯೋಣ.