ಊರಿಗೆ ಕೊಟ್ಟದ್ದು ಊರಲ್ಲೇ ಉಳಿಯಿತು: ಮಾಮ್ಸ್‌ಬರಿಯ ಪೂರ್ವೇತಿಹಾಸ

ಇಂಗ್ಲೆಂಡಿನಲ್ಲಿ ಬಾಳು ಕಟ್ಟಿಕೊಂಡ ಕನ್ನಡಿಗರಾದ ನಮಗೆ ಈ ನೆಲದ ಸಣ್ಣ ಊರುಗಳ ಕಥೆಯೂ ತಿಳಿದಿರಬೇಕು. ಅಂಥ ಊರುಗಳಲ್ಲಿ ನನಗೆ ಬಲು ಪ್ರಿಯವಾದದ್ದು ವಿಲ್ಟ್‌ಷೈರಿನ ಮಾಮ್ಸ್‌ಬರಿ.

ಏವನ್ ಹೊಳೆಯ ಎರಡು ಕವಲುಗಳು ಒಂದು ಗುಡ್ಡವನ್ನು ಬಳಸಿ ಹರಿದು, ಅದರ ಬುಡದಲ್ಲಿ ಕೂಡುತ್ತವೆ. ಹೊಳೆಯೇ ಕಂದಕವಾದ ಈ ಗುಡ್ಡದ ಮೇಲೆ ಕಬ್ಬಿಣಯುಗದಲ್ಲೇ ಕೋಟೆಯಿತ್ತು. 7ನೇ ಶತಮಾನದಲ್ಲಿ ಐರ್ಲೆಂಡಿನ ಸನ್ಯಾಸಿ ಮೇಲ್ಡೂಬ್ ಇಲ್ಲಿ ನೆಲೆನಿಂತು ಪಾಠ ಹೇಳಿದನೆಂದು ಪ್ರತೀತಿ. ಸುಮಾರು 675ರಲ್ಲಿ ಆಲ್ಡೆಲ್ಮ್ ಇಲ್ಲಿನ ಮಠಾಧಿಪತಿಯಾದ. ಲ್ಯಾಟಿನ್ನಿನಲ್ಲಿ ಅವನದು ಘನ ಪಾಂಡಿತ್ಯ. ಆದರೂ ಪೂಜೆ ಮುಗಿದೊಡನೆ ಮನೆಗೆ ಧಾವಿಸುವ ಜನರನ್ನು ನಿಲ್ಲಿಸಲು ಸೇತುವೆಯ ಮೇಲೆ ನಿಂತು ಅವರ ಆಡುನುಡಿಯಲ್ಲೇ ಹಾಡುತ್ತಿದ್ದನಂತೆ. ಜನ ಕಿವಿಗೊಟ್ಟ ಮೇಲೆ ಹಾಡಿನೊಳಗೆ ಧರ್ಮದ ಮಾತು ಬೆರೆಸುತ್ತಿದ್ದನಂತೆ. ಹೀಗೆ ಮಠದ ವಿದ್ಯೆ ಬೀದಿಗೆ ಇಳಿಯಿತು.

ಇಡೀ ಇಂಗ್ಲೆಂಡನ್ನು ಮೊದಲು ಆಳಿದ ಅರಸ ಆ್ಯಥಲ್‌ಸ್ಟನ್ 939ರಲ್ಲಿ ತೀರಿಕೊಂಡಾಗ ಅವನನ್ನು ಸಮಾಧಿ ಮಾಡಿದ್ದು ಈ ಮಠದಲ್ಲೇ. ನಮ್ಮ ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದ ಕಾಲವೂ ಹೆಚ್ಚುಕಡಿಮೆ ಅದೇ. ಡೇನರ ಎದುರು ತನ್ನ ಪರ ನಿಂತ ಊರವರಿಗೆ ಈ ಅರಸ ಭೂಮಿ ಬಿಟ್ಟುಕೊಟ್ಟನೆಂದು ಜನ ನಂಬಿದ್ದಾರೆ. ‘ಕಿಂಗ್ಸ್ ಹೀತ್’ ಎಂಬ ಆ ಭೂಮಿಗೆ ಊರಿನ ‘ಫ್ರೀಮೆನ್’ ಇಂದಿಗೂ ಒಟ್ಟಾಗಿ ಹಕ್ಕುದಾರರು. ಹುಲ್ಲುಹೆಂಟೆ, ಕಡ್ಡಿ ಹಿಡಿದು ಹೊಸಬರಿಗೆ ಹಕ್ಕು ಒಪ್ಪಿಸುವುದು ಅವರ ಸಂಪ್ರದಾಯ.

11ನೇ ಶತಮಾನದ ಆರಂಭದಲ್ಲಿ ಈ ಮಠದ ಐಲ್ಮರ್ ಎಂಬ ಸನ್ಯಾಸಿ ಕೈಕಾಲಿಗೆ ರೆಕ್ಕೆ ಕಟ್ಟಿಕೊಂಡು ಗೋಪುರದಿಂದ ಹಾರಿದ. ಸುಮಾರು 200 ಮೀಟರ್ ತೇಲಿ ಬಿದ್ದು ಎರಡೂ ಕಾಲು ಮುರಿದುಕೊಂಡ. ಬಾಲ ಕಟ್ಟಿಕೊಳ್ಳಲು ಮರೆತದ್ದೇ ತಪ್ಪಾಯಿತೆಂದು ಹೇಳುತ್ತಿದ್ದನಂತೆ. ಈ ಸಂಗತಿಯನ್ನು ಬರೆದಿಟ್ಟವನು ಅದೇ ಮಠದ ಇತಿಹಾಸಕಾರ, 12ನೇ ಶತಮಾನದ ವಿಲಿಯಂ.

1539ರಲ್ಲಿ ಎಂಟನೇ ಹೆನ್ರಿಯ ಆಳ್ವಿಕೆ ಮಠವನ್ನು ಮುಚ್ಚಿಸಿತು. ಕಟ್ಟಡಗಳನ್ನು ಕೊಂಡ ಬಟ್ಟೆ ವ್ಯಾಪಾರಿ ವಿಲಿಯಂ ಸ್ಟಂಪ್ ಅಲ್ಲಿ ಮಗ್ಗ ಹೂಡಿಸಿದ. ಇಗರ್ಜಿಯ ಮುಖ್ಯ ಅಂಕಣವನ್ನು ಮಾತ್ರ ಊರವರ ಪೂಜೆಗೆ ಬಿಟ್ಟುಕೊಟ್ಟ. 1541ರಲ್ಲಿ ಅದು ಊರಿನ ಇಗರ್ಜಿಯೆಂದು ಮಾನ್ಯವಾಯಿತು.

ಇಗರ್ಜಿಯ ಬಹು ಎತ್ತರದ ಶಿಖರ ಅದಕ್ಕೂ ಮೊದಲೇ ಕುಸಿದಿತ್ತು. ಮಠದ ಬಹುಭಾಗ ಆಮೇಲೆ ಹಾಳಾಯಿತು. ಊರವರ ಕೈಗೆ ಬಂದ ಅಂಕಣ ಮಾತ್ರ ಸುತ್ತಲಿನ ಮುರಿದ ಗೋಡೆಗಳ ನಡುವೆ ನಿಂತಿದೆ. ಅಲ್ಲಿ ಇಂದಿಗೂ ಪ್ರಾರ್ಥನೆ ನಡೆಯುತ್ತದೆ, ಊರವರದೇ ನುಡಿಯಲ್ಲಿ.