ಕತ್ತರಿಸದೆ ಉಳಿದ ರೋಬೋಟ್

1977ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ತೆರೆಕಂಡ ಜಾರ್ಜ್ ಲ್ಯೂಕಸ್ ಅವರ ‘ಸ್ಟಾರ್ ವಾರ್ಸ್’ ಚಿತ್ರದ ಮೊದಲ ಮಾತು ಸಿ-ತ್ರೀಪಿಓ ಎಂಬ ಚಿನ್ನದ ಬಣ್ಣದ ರೋಬೋಟಿನದು. ಅದರ ಜೊತೆಗಾರ ಆರ್‌ಟು-ಡಿಟು ಬರೀ ಸಿಳ್ಳೆಯಲ್ಲೇ ಉತ್ತರ ಕೊಡುತ್ತದೆ. ಚಿತ್ರ ನೋಡಿದ ಮಕ್ಕಳಿಗೆ ಈ ಪಾತ್ರಗಳ ಗೊಂಬೆ ಬೇಕಿತ್ತು, ಆದರೆ ಅವು ಇನ್ನೂ ತಯಾರಾಗಿರಲಿಲ್ಲ. ಆಟಿಕೆಯ ಹಕ್ಕು ಪಡೆದಿದ್ದ ಕೆನ್ನರ್ ಕಂಪನಿ ಆ ಕ್ರಿಸ್ಮಸ್ಸಿಗೆ ಗೊಂಬೆಗಳೇ ಇಲ್ಲದ ರಟ್ಟಿನ ಲಕೋಟೆ ಮಾರಿತು. ಅದರೊಳಗಿನ ಚೀಟಿಯನ್ನು ಅಂಚೆಗೆ ಹಾಕಿದವರಿಗೆ ಮರುವರ್ಷ ನಾಲ್ಕು ಗೊಂಬೆಗಳು ಬಂದವು. ಆರ್‌ಟು-ಡಿಟು ಅವುಗಳಲ್ಲೊಂದು.

ಅದೇ 1978ರಲ್ಲಿ ರೋಬೋಟ್ ಮಕ್ಕಳ ಕೈಗೆ ಸಿಕ್ಕ ಇನ್ನೊಂದು ದಾರಿ ಊಟದ ತಟ್ಟೆ. ಇಂಡಿಯಾನಾಪೊಲಿಸ್‌ನಲ್ಲಿ ಹುಟ್ಟಿದ ಬರ್ಗರ್ ಶೆಫ್ ಎಂಬ ಹೋಟೆಲ್ ಸರಣಿ 1973ರಿಂದ ‘ಫನ್‌ಮೀಲ್’ ಎಂಬ ಮಕ್ಕಳ ಊಟ ಕೊಡುತ್ತಿತ್ತು. ‘ಸ್ಟಾರ್ ವಾರ್ಸ್’ ಆವೃತ್ತಿಯಲ್ಲಿ ಊಟ ಬರುತ್ತಿದ್ದ ರಟ್ಟಿನ ತಟ್ಟೆಯೇ ಆಟಿಕೆ. ತಿಂದಾದ ಮೇಲೆ ಗೆರೆಗುಂಟ ಬಿಡಿಸಿ, ಮಡಿಚಿ, ಸಿಕ್ಕಿಸಿದರೆ ಒಂದು ತಟ್ಟೆ ಆರ್‌ಟು-ಡಿಟು ಆಗುತ್ತಿತ್ತು, ಇನ್ನೊಂದು ಸಿ-ತ್ರೀಪಿಓ.

ನನ್ನ ಪಿಎಚ್‌ಡಿ ಅಧ್ಯಯನ ಬಳಸಿ ಬಿಸಾಡುವ ಮುದ್ರಿತ ಕಾಗದಗಳ ಕುರಿತದ್ದು. ಹಾಗಾಗಿ ಈ ತಟ್ಟೆಗಳು ನನ್ನನ್ನು ಕಾಡುತ್ತವೆ. ಸಂಗ್ರಾಹಕರು ಹುಡುಕುವುದು ಕತ್ತರಿಸದ, ಮಡಿಚದ, ಎಣ್ಣೆಯ ಕಲೆಯಿಲ್ಲದ ತಟ್ಟೆಯನ್ನು. ಅಂದರೆ ಯಾವ ಮಗುವೂ ಆಡದ ತಟ್ಟೆಯನ್ನು. ಬಿಡಿಸಿ ಆಡಿದ ತಟ್ಟೆಗೆ ಬೆಲೆ ಕಡಿಮೆ, ಉಳಿದಿರುವ ಸಾಧ್ಯತೆಯೂ ಕಡಿಮೆ. 1987ರಲ್ಲಿ ಮೆಕ್‌ಡೊನಾಲ್ಡ್ಸ್ ತನ್ನ ಹ್ಯಾಪಿ ಮೀಲ್ ಜೊತೆ ‘ಚೇಂಜಬಲ್ಸ್’ ಕೊಟ್ಟಿತು. ಇವು ಸಿನಿಮಾದ ಪಾತ್ರಗಳಲ್ಲ. ಬರ್ಗರ್, ಫ್ರೈಸ್ ಆಕಾರದಿಂದ ರೋಬೋಟ್ ಆಗಿ ಬದಲಾಗುವ ಪ್ಲಾಸ್ಟಿಕ್ ಆಟಿಕೆಗಳು. ಪ್ಲಾಸ್ಟಿಕ್ ಆಡಿಸಿಕೊಂಡೂ ಉಳಿಯುತ್ತದೆ, ಅದರ ಮೈಮೇಲಿನ ಗೀರುಗಳೇ ಮಗುವಿನ ಸಾಕ್ಷಿ. ರಟ್ಟಿಗೆ ಆ ಭಾಗ್ಯವಿಲ್ಲ. ಅದು ತನ್ನ ಕೆಲಸ ಚೆನ್ನಾಗಿ ಮಾಡಿದಷ್ಟೂ ಬೇಗ ಹರಿದು ಕಸದಬುಟ್ಟಿ ಸೇರುತ್ತದೆ.

ಇದರಿಂದ ಚರಿತ್ರೆಗೊಂದು ತೊಡಕಿದೆ. ಉಳಿದಿರುವ ತಟ್ಟೆಗಳನ್ನೇ ನಂಬಿ ಬರೆದರೆ ಕಂಪನಿಯ ಮುದ್ರಣ, ಬಣ್ಣ, ಜಾಹೀರಾತಿನ ಚರಿತ್ರೆ ಸಿಗುತ್ತದೆ. ಮಕ್ಕಳ ಆಟದ ಚರಿತ್ರೆ ಸಿಗುವುದಿಲ್ಲ. ಹಾಗೆಂದು ಸಂಗ್ರಾಹಕರನ್ನು ದೂರಲಾರೆ, ಅವರು ಎತ್ತಿಡದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ. ಬರ್ಗರ್ ಶೆಫ್ ಕೂಡ 1980ರ ದಶಕದ ಆರಂಭದಲ್ಲಿ ಮಾರಾಟವಾಗಿ, ಕ್ರಮೇಣ ಇಲ್ಲವಾಯಿತು.

ನಮ್ಮ ಚಿತ್ರಮಂದಿರಗಳಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳದೂ ಇದೇ ಕಥೆ. ಹಾಡಿ ಹಾಡಿ ಹಾಳೆ ಕಿತ್ತುಹೋದ ಪ್ರತಿಯನ್ನು ಎತ್ತಿಟ್ಟವರು ಅಪರೂಪ. ಆದ್ದರಿಂದ ನಿಮ್ಮ ಮನೆಯ ಅಟ್ಟದಲ್ಲಿ ಅಂಥದ್ದೊಂದು ಸಿಕ್ಕರೆ ಅದರ ಅಂಚು ಕತ್ತರಿಸಬೇಡಿ, ಪೆನ್ಸಿಲ್ ಗೀಚು ಅಳಿಸಬೇಡಿ. ನನ್ನಂಥವರು ಹುಡುಕುತ್ತಿರುವುದು ಆ ಗೀಚನ್ನೇ.