ದೀಪವಿದ್ದ ಬೆಚ್ಚನೆಯ ಕೋಣೆ

ಬಾಸ್ಟನ್ ನಗರದ ಕಾಪ್ಲಿ ಚೌಕದಲ್ಲಿ, ಟ್ರಿನಿಟಿ ಚರ್ಚಿಗೆ ಅಭಿಮುಖವಾಗಿ ನಿಂತಿರುವ ಸಾರ್ವಜನಿಕ ಗ್ರಂಥಾಲಯದ ಮಹಾದ್ವಾರದ ನೆತ್ತಿಯಲ್ಲಿ ‘ಫ್ರೀ ಟು ಆಲ್’ ಎಂಬ ಮೂರೇ ಪದಗಳನ್ನು ಕಡೆದಿದ್ದಾರೆ. ಕನ್ನಡಿಸಹೊರಟವನಿಗೆ ‘ಸರ್ವರಿಗೂ ಉಚಿತ’ ಎನ್ನುವುದೋ, ‘ಸರ್ವರಿಗೂ ಮುಕ್ತ’ ಎನ್ನುವುದೋ ಎಂಬ ಸಂದೇಹ ತಪ್ಪದು. ಹಣ ಕೇಳದಿರುವುದು ಒಂದು ಔದಾರ್ಯ, ಬಾಗಿಲಿಕ್ಕದಿರುವುದು ಮತ್ತೊಂದು. ಈ ಊರು ಇವೆರಡನ್ನೂ ಒಂದೇ ದಿನದಲ್ಲಿ ಕಲಿತುದಲ್ಲ.

1848ರಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆಯ ಅನುಜ್ಞೆಯಿಂದ ಹುಟ್ಟಿದ ಈ ಸಂಸ್ಥೆಯು 1854ರಲ್ಲಿ ಓದುಗರಿಗೆ ತೆರೆದುದು ಮೇಸನ್ ಬೀದಿಯ ಶಾಲಾಗೃಹವೊಂದರ ಎರಡು ಕೋಣೆಗಳಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ ಲಂಡನ್ನಿನ ಬೇರಿಂಗ್ ಲೇವಾದೇವಿ ಸಂಸ್ಥೆಯ ಪಾಲುದಾರನಾದ ಜಾಶುವಾ ಬೇಟ್ಸನು 50,000 ಡಾಲರುಗಳನ್ನು ಕೊಡುವೆನೆಂದು ಬರೆದಿದ್ದನು. ಆತನು ಇದೇ ಸೀಮೆಯ ವೇಮತ್ ಊರಿನವನು. ಬಾಲ್ಯದಲ್ಲಿ ಅನ್ನವಸ್ತ್ರಗಳಿಗಷ್ಟೇ ದುಡಿಯುತ್ತ, ಪುಸ್ತಕ ಕೊಳ್ಳಲು ಕಾಸಿಲ್ಲದೆ, ದಯಾಳುವಾದ ಅಂಗಡಿಯವರ ಅನುಮತಿಯಿಂದ ಸಂಜೆಗಳನ್ನೆಲ್ಲ ಪುಸ್ತಕದಂಗಡಿಯಲ್ಲೇ ಓದಿ ಕಳೆದವನು. ಆದುದರಿಂದಲೇ ಆ ಕೋಟ್ಯಧೀಶನ ಷರತ್ತುಗಳಲ್ಲಿ ಭವನವು ನಗರಕ್ಕೆ ಭೂಷಣವಾಗಿರಲಿ ಎಂಬುದರ ಜೊತೆಗೆ, ನೂರು ನೂರೈವತ್ತು ಜನ ಮೇಜಿನ ಮುಂದೆ ಕುಳಿತು ಓದುವಷ್ಟು ಸ್ಥಳವಿರಲಿ, ಅದು ಸರ್ವರಿಗೂ ಉಚಿತವಾಗಿರಲಿ ಎಂಬುದೂ ಸೇರಿತ್ತು. ಚಳಿಗಾಲದ ಸಂಜೆ ನಾಲ್ಕೂವರೆಗೇ ಕತ್ತಲಾಗುವ ಈ ಊರಿನಲ್ಲಿ ಬಡ ಹುಡುಗನಿಗೆ ಗ್ರಂಥವೆಷ್ಟು ದುರ್ಲಭವೋ, ಬೆಚ್ಚನೆಯ ಕೋಣೆಯೂ ದೀಪವೂ ಅಷ್ಟೇ ದುರ್ಲಭವೆಂಬುದನ್ನು ಆತನು ಮರೆತಿರಲಿಲ್ಲವೆಂದೇ ನನ್ನ ಊಹೆ.

ಗ್ರಂಥಾಲಯದ ಸ್ಥಾಪಕರಲ್ಲೊಬ್ಬನಾದ ಜಾರ್ಜ್ ಟಿಕ್ನರನ ಹಟವನ್ನೂ ಇಲ್ಲಿ ನೆನೆಯಬೇಕು. ಪಂಡಿತೋತ್ತಮನಾಗಿದ್ದೂ ಆತನು, ಜನ ಇಷ್ಟಪಟ್ಟು ಓದುವ ಪುಸ್ತಕಗಳನ್ನು ಹಲವು ಪ್ರತಿಗಳಲ್ಲಿ ತರಿಸಿ ಮನೆಗೆ ಕೊಡಬೇಕೆಂದು ವಾದಿಸಿದನು; ಪಂಡಿತರಲ್ಲಿ ಈ ಗುಣ ಅಪೂರ್ವ.

ಆದರೂ ಚೌಕದ ಅರಮನೆಗಿಂತ ಅದರ ಶಾಖೆಗಳ ಕಥೆಯೇ ನನಗೆ ಹೆಚ್ಚು ಪ್ರಿಯ. ಪೂರ್ವ ಬಾಸ್ಟನ್ ಆಗ ನೀರಿನಾಚೆಯ ನೆಲ. ಸುರಂಗಮಾರ್ಗ ಬಂದುದು 1904ರಲ್ಲಿ, ಅಲ್ಲಿಯವರೆಗೆ ನಗರಕ್ಕೆ ಬರಲು ದೋಣಿಯೇ ಗತಿ. ದಿನವಿಡೀ ಹಡಗುಕಟ್ಟೆಯಲ್ಲಿ ದುಡಿದವನು ಒಂದು ಪುಸ್ತಕಕ್ಕಾಗಿ ದೋಣಿಯೇರಿ ಬರುವನೆ? ಓದುಗನು ಬಾರದಿದ್ದರೆ ಗ್ರಂಥಾಲಯವೇ ಹೋಗಬೇಕೆಂದು 1870ರಲ್ಲಿ ಅಲ್ಲಿ ಸ್ಥಾಪಿಸಿದುದು ಅಮೆರಿಕದ ಸಾರ್ವಜನಿಕ ಗ್ರಂಥಾಲಯಗಳ ಮೊತ್ತಮೊದಲ ಶಾಖೆ. ಅನಂತರ ದಕ್ಷಿಣ ಬಾಸ್ಟನ್. 1874ರಲ್ಲಿ ಚಾರ್ಲ್ಸ್‌ಟೌನ್, ಬ್ರೈಟನ್ ಊರುಗಳು ನಗರದಲ್ಲಿ ಲೀನವಾದಾಗ ಅವುಗಳ ಗ್ರಂಥಾಲಯಗಳೂ ಶಾಖೆಗಳಾದುವು.

ಚೌಕದಲ್ಲಿರುವ ಈಗಿನ ಭವನವು 1895ರದು. ವಾಸ್ತುಶಿಲ್ಪಿ ಚಾರ್ಲ್ಸ್ ಮೆಕ್ಕಿಮ್‌ನ ಕಲ್ಪನೆ. 218 ಅಡಿ ಉದ್ದದ ಬೇಟ್ಸ್ ಸಭಾಂಗಣದಲ್ಲಿ ಇಂದು ಓದುವವರ ನಡುವೆ ಚಿತ್ರ ತೆಗೆಯುವವರೂ ಸುಳಿಯುತ್ತಿರುತ್ತಾರೆ. 2021ರಲ್ಲಿ ತಡವಾದ ಪುಸ್ತಕಕ್ಕೆ ವಿಧಿಸುವ ದಂಡವನ್ನೂ ತೆಗೆದುಹಾಕಿದರು. ನಗರದ ಹೊರಗೆ, ಶ್ರೂಸ್‌ಬರಿಯಲ್ಲೋ ಫ್ರೇಮಿಂಗ್‌ಹ್ಯಾಮಿನಲ್ಲೋ ಮನೆಮಾಡಿರುವವರು ಗಮನಿಸಬೇಕಾದ ಸಂಗತಿಯೊಂದುಂಟು: ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ವಾಸಿಸುವ ಯಾರಿಗೇ ಆಗಲಿ ಇಲ್ಲಿ ಕಾರ್ಡು ಕೊಡುತ್ತಾರೆ, ಕಾಸಿಲ್ಲದೆ.